ದುಬೈಯ ಹೊಸ ಮನೆಗೆ ಏನೇನು ಬೇಕು ಅಂತ ಕೇಳಿದ ತಂಗಿಗೆ

ತಂಗೀ, ಬದಿಯಡ್ಕದವಳು ಅಂತ ನೋಡಿದ ಮೇಲೆ ಉತ್ತರ ಬರೆಯದೆ ಇರಲಿಕ್ಕೆ ಆಗಲಿಲ್ಲ. ನಮ್ಮದೂ ಅದೇ ಕಾಸರಗೋಡಿನ ಕಡೆ, ನೀರ್ಚಾಲು. ನೀನು ಕೇಳಿದ್ದು ಇಷ್ಟು ಅಲ್ವಾ: ಗಂಡ ದುಬೈಯ ಕುಸೈಸ್‌ನಲ್ಲಿ ಒಂದು ಬೆಡ್‌ರೂಮಿನ ಖಾಲಿ ಫ್ಲಾಟ್ ನೋಡಿದ್ದಾರೆ, ಜುಲೈಯಲ್ಲಿ ಮಗುವನ್ನು ಕರಕೊಂಡು ಬರುತ್ತೀ, ಊರಿನಿಂದ ಏನು ತರಬೇಕು, ದೇವರನ್ನು ಎಲ್ಲಿಡಬೇಕು, ಹಾಲು ಉಕ್ಕಿಸಬಹುದಾ. ಕೊನೆಗೆ, ಹೇಗೂ ನಾಲ್ಕೈದು ವರ್ಷ ಇರುವುದು, ಬಾಡಿಗೆ ಮನೆಯನ್ನು ಚಂದ ಮಾಡಲು ದುಡ್ಡು ಹಾಕಬೇಕಾ. ಆ ಕೊನೆಯ ಪ್ರಶ್ನೆಗೇ ನನಗೆ ಜಾಸ್ತಿ ಹೇಳಲಿಕ್ಕಿದೆ.

ಕಾಗದಪತ್ರ ಗಂಡ ನೋಡಿಕೊಳ್ಳಲಿ, ಆದರೆ ಲೆಕ್ಕ ನಿನಗೂ ಗೊತ್ತಿರಲಿ. ಬಾಡಿಗೆ ಕರಾರು ಇಜಾರಿಯಲ್ಲಿ, ಅಂದರೆ ಇಲ್ಲಿಯ ಸರಕಾರದ ಬಾಡಿಗೆ ನೋಂದಣಿ ವ್ಯವಸ್ಥೆಯಲ್ಲಿ, ನೋಂದಣಿ ಆಗಬೇಕು. ಕರೆಂಟು, ನೀರಿಗೆ ದೇವಾ (DEWA, ದುಬೈಯ ವಿದ್ಯುತ್ ಮತ್ತು ನೀರಿನ ಇಲಾಖೆ) ದವರಿಗೆ 2000 ದಿರ್ಹಮ್ ಠೇವಣಿ. ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಕಂತು ಕಂತಾಗಿ ಅದೇ ಬಿಲ್ಲಿನಲ್ಲಿ ಸೇರಿ ಬರುತ್ತದೆ. ಮಾಲೀಕರಿಗೆ ಬೇರೆ ಠೇವಣಿ, ಏಜೆಂಟಿಗೆ ಕಮಿಷನ್, ಬಾಡಿಗೆಗೆ ಮುಂದಿನ ತಾರೀಕಿನ ಚೆಕ್‌ಗಳು. ಸೋಫಾಕ್ಕೆ ಅಂತ ಇಟ್ಟ ದುಡ್ಡು ಇದರಲ್ಲೇ ಮುಗಿಯುತ್ತದೆ, ಬೇಜಾರು ಮಾಡಬೇಡ.

ಮಿಕ್ಸಿ ಧಾರಾಳ ತಾ. ಕರೆಂಟು ನಮ್ಮ ಊರಿನ ಹಾಗೆಯೇ, ಪ್ಲಗ್ ಮಾತ್ರ ಬೇರೆ, ಚೌಕ ಪಿನ್ನಿನದ್ದು. ಬದಲಾಯಿಸಿದರೆ ಆಯಿತು. ದೋಸೆ ಕಾವಲಿ, ಹೆರೆಮಣೆ, ಸೇಮಿಗೆ ಮಣೆ ತಾ, ಹೆರೆಮಣೆಯನ್ನು ಕೈಚೀಲದಲ್ಲಿ ಇಡಬೇಡ. ಗಸಗಸೆ ಒಂದು ಚಿಟಿಕೆಯೂ ಬೇಡ. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿಗೆ ಹೋಗುವ ವಿಷಯ. ವೀಳ್ಯದೆಲೆಯೂ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ. ಪೂಜೆಗೆ ಅಂತ ಅತ್ತೆ ಕಟ್ಟಿಕೊಟ್ಟರೆ ತೆಗೆದಿಟ್ಟು ಬಾ.

ಆಟಿ ತಿಂಗಳಲ್ಲಿ (ಕರ್ಕಾಟಕ ಮಾಸ) ಹೊಸ ಮನೆ ಹೊಕ್ಕಬಾರದು ಅಂತ ಅತ್ತೆ ಹೇಳುವುದು ಸರಿಯೇ. ಆದರೆ ಕರಾರಿನ ತಾರೀಕಿನಿಂದ ಬಾಡಿಗೆ ಓಡುತ್ತದೆ, ಮುಂದಿನ ಸೋಣೆ ತಿಂಗಳವರೆಗೆ ಕಾಯುವುದಿಲ್ಲ. ಬೀಗದ ಕೈ ಮೊದಲೇ ಸಿಕ್ಕಿದರೆ ಕರ್ಕಾಟಕ ಸಂಕ್ರಮಣಕ್ಕೆ ಮುಂಚೆ ಗಂಡನೇ ಒಳ್ಳೆ ದಿನ ನೋಡಿ ದೀಪ ಹಚ್ಚಿ ಹಾಲು ಉಕ್ಕಿಸಲಿ, ನೀನು ಆಮೇಲೆ ಬಾ. ಗಣಹೋಮ ಫ್ಲಾಟಿನಲ್ಲಿ ಬೇಡ, ಹೊಗೆಗೆ ಅಲಾರಂ ಹೊಡೆದು ಇಡೀ ಕಟ್ಟಡದವರು ಕೆಳಗೆ ಇಳಿಯುತ್ತಾರೆ. ಮಧೂರು ಗಣಪತಿಗೆ ಒಂದು ಅಪ್ಪ ಸೇವೆ (ಅಪ್ಪದ ನೈವೇದ್ಯ) ಮಾಡಿಸಿ ಬಾ, ಸಾಕು. ದೇವರಿಗೆ ಹಾಲ್‌ನ ಪೂರ್ವದ ಗೋಡೆಗೆ ಒಂದು ಹಲಗೆ. ಗೋಡೆ ಕೊರೆಯುವ ಮುಂಚೆ, ಬಣ್ಣ ಹಚ್ಚುವ ಮುಂಚೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಇಲ್ಲದಿದ್ದರೆ ಬಿಡುವಾಗ ಠೇವಣಿಯಲ್ಲಿ ಹಿಡಿಯುತ್ತಾರೆ.

ಮೊದಲು ಕೊಳ್ಳಬೇಕಾದದ್ದು ಹಾಸಿಗೆ, ಆಮೇಲೆ ಪರದೆ. ಸೋಫಾ ಎಲ್ಲ ನಂತರ. ಪಶ್ಚಿಮದ ಕಿಟಕಿಯಾದರೆ ಬೆಳಕು ತಡೆಯುವ ದಪ್ಪ ಪರದೆಯೇ ಬೇಕು, ಜುಲೈಯ ಮಧ್ಯಾಹ್ನ ಗಾಜು ಮುಟ್ಟಲಿಕ್ಕಾಗುವುದಿಲ್ಲ. ಡ್ರ್ಯಾಗನ್ ಮಾರ್ಟ್ ಅಂತ ಚೀನಾ ಸಾಮಾನಿನ ದೊಡ್ಡ ಮಾರುಕಟ್ಟೆ ಇದೆ, ಅಲ್ಲಿ ಪರದೆ, ದೀಪ, ಕಪಾಟು ಎಲ್ಲ ಸಿಗುತ್ತದೆ, ಚೌಕಾಸಿ ಮಾಡು. ಊರಿಗೆ ವಾಪಸ್ ಹೋಗುವವರು ಕಡಿಮೆಗೆ ಸಾಮಾನು ಮಾರುತ್ತಾರೆ. ಮೇಜು, ವಾಷಿಂಗ್ ಮೆಷಿನ್ ತಗೋ, ಹಾಸಿಗೆ ಮತ್ತು ಬಟ್ಟೆಯ ಸೋಫಾ ಮುಟ್ಟಬೇಡ, ತಿಗಣೆ ಬಂದರೆ ಹೋಗುವುದಿಲ್ಲ. ಇನ್ನೊಂದು, ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಏಸಿ ಪೂರ್ತಿ ಬಂದ್ ಮಾಡಿ ಹೋದರೆ ತಿರುಗಿ ಬರುವಾಗ ಬಟ್ಟೆ, ಪುಸ್ತಕ, ಕಪಾಟಿನ ಹಿಂಭಾಗ ಎಲ್ಲ ಬೂಷ್ಟು ಹಿಡಿದಿರುತ್ತದೆ. ಮಳೆ ಇಲ್ಲದ ಊರಲ್ಲಿ ಬೂಷ್ಟು ಅಂದರೆ ನೀನು ನಂಬಲಿಕ್ಕಿಲ್ಲ, ಆದರೆ ಸಮುದ್ರದ ತೇವ ಹಾಗಿದೆ.

ಇನ್ನು ಆ ಪ್ರಶ್ನೆ. ನಾವೂ ಬರುವಾಗ ನಾಲ್ಕೈದು ವರ್ಷ ಅಂತಲೇ ಬಂದದ್ದು. ಎಲ್ಲರೂ ಹಾಗೆಯೇ ಬರುವುದು. ಮನೆ ಅಂದರೆ ನೀರ್ಚಾಲಿನಲ್ಲಿ ಕಟ್ಟುವುದು, ಇಲ್ಲಿಯದ್ದು ತಲೆ ಇಡಲಿಕ್ಕೆ ಒಂದು ಜಾಗ, ಅಷ್ಟೇ. ಸೇಲ್ ಬಂದಾಗೆಲ್ಲ ಊರಿನ ಮನೆಗೆ ತೂಗುದೀಪ, ಬಾತ್‌ರೂಮಿನ ನಲ್ಲಿ, ಪರದೆ ಬಟ್ಟೆ ತಂದು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಮಂಚದ ಅಡಿ, ಬಾಲ್ಕನಿಯಲ್ಲಿ ಇಡುತ್ತಿದ್ದೆವು, ಪೆಟ್ಟಿಗೆ ತುಂಬಿದಾಗ ಕಾರ್ಗೋದಲ್ಲಿ ಕಳಿಸುವುದು. ನಮ್ಮ ಕಿಟಕಿಗೆ ಮಾತ್ರ ಹಳೆಯ ಬೆಡ್‌ಶೀಟು. ಊರಿನ ಮನೆ ಚಂದ ಆಗಿದೆ, ದೊಡ್ಡ ಚಾವಡಿ, ಉಪ್ಪರಿಗೆ, ಅಂಗಳದಲ್ಲಿ ಕಲ್ಲಿನ ತುಳಸಿಕಟ್ಟೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿಯೇ ಇರುವುದು. ನನ್ನ ಮಗಳು ಬೆಳೆದದ್ದು ಆ ಪೆಟ್ಟಿಗೆಗಳ ನಡುವೆ.

ಅಪ್ಪ ಒಮ್ಮೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ಊರಲ್ಲಿ ತೋಟಕ್ಕೆ ಹೋಗಿ ಬಂದು ಚಾವಡಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಪೇಪರ್ ಓದುವವರು. ನಮ್ಮಲ್ಲಿ ಅವರಿಗೆ ಬೆನ್ನು ಒರಗಿಸಿ ಕೂರಲಿಕ್ಕೆ ಒಂದು ಜಾಗ ಇರಲಿಲ್ಲ, ಮಂಚದ ಅಂಚಿನಲ್ಲಿ ಕೂತಿರುತ್ತಿದ್ದರು. ಏನೂ ಹೇಳಲಿಲ್ಲ. ಅಡಿಕೆಗೆ ನೀರು ಬಿಡಲಿಕ್ಕೆ ಆಳು ಸರಿ ಇಲ್ಲ ಅಂತ ಬೇಗ ಹೊರಟರು. ಈಗ ಅಪ್ಪ ಇಲ್ಲ. ಒಂದು ಒಳ್ಳೆ ಕುರ್ಚಿಯ ದುಡ್ಡು ನಮ್ಮ ಹತ್ತಿರ ಆಗಲೂ ಇತ್ತು, ತಂಗೀ. ಅದು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ಹೇಳುವುದು, ಇಲ್ಲಿಯ ಮನೆಗೆ ದುಡ್ಡು ಹಾಕು. ಜಾಸ್ತಿ ಬೇಡ, ಆದರೆ ಮನಸ್ಸಿಟ್ಟು ಹಾಕು. ಹಿರಿಯರು ಬಂದರೆ ಕೂರಲಿಕ್ಕೆ ಗಟ್ಟಿ ಕೈಯಿರುವ ಒಂದು ಕುರ್ಚಿ, ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಕನ್ನಡ ಪುಸ್ತಕದ ಒಂದು ಕಪಾಟು. ಕುಂಡದಲ್ಲಿ ತುಳಸಿ ಇಡು, ನವೆಂಬರಿನಿಂದ ಮಾರ್ಚಿನವರೆಗೆ ಚೆನ್ನಾಗಿ ಬರುತ್ತದೆ, ಬೇಸಿಗೆಯಲ್ಲಿ ಒಳಗೆ ತಾ. ಬಾಲ್ಕನಿಯ ಕಂಬಿಯ ಹತ್ತಿರ ಮಗು ಹತ್ತುವಂಥ ಸ್ಟೂಲು, ಮೇಜು ಇಡಲೇಬೇಡ.

ಗಂಡನಿಗೆ ಹೇಳಿ ಹಾಲ್, ಬೆಡ್‌ರೂಮು, ಬಾಗಿಲು, ಲಿಫ್ಟು, ಎಲ್ಲದರ ಅಳತೆ ತಗೊಂಡು ನನಗೆ ಕಳಿಸು. ಮಂಚ ಯಾವ ಅಳತೆಯದ್ದು ಹಿಡಿಸುತ್ತದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಏನೂ ಬುಕ್ ಮಾಡಬೇಡಿ.