ಪ್ರತಿಕ್ರಿಯೆ: ಮೀಟಿಂಗ್‌ನಲ್ಲಿ ಬಾಯಿ ಕಟ್ಟುವ ಬಗ್ಗೆ

ಮೇಡಂ, ಹದಿನೈದು ವರ್ಷ ಫೀಲ್ಡ್‌ನಲ್ಲಿ ದುಡಿದು ಈಗ ಮಂಗಳೂರಿನಲ್ಲಿ ಮಲೇರಿಯಾ ಕೆಲಸದ ಹೊಣೆ ಹೊತ್ತಿದ್ದೀರಿ. ಆದರೂ ಮೀಟಿಂಗ್‌ನಲ್ಲಿ "ನನಗೇನೂ ಗೊತ್ತಿಲ್ಲ ಅಂತ ಇವತ್ತು ಬಯಲಾಗುತ್ತೆ" ಅನ್ನಿಸುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಇದು ಕಾಯಿಲೆ ಅಲ್ಲ, ಇದಕ್ಕೆ ಇಂಪಾಸ್ಟರ್ ಫಿನಾಮಿನನ್ ಅಂತಾರೆ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲ್ಯಾನ್ಸ್ ಮತ್ತು ಸುಝಾನ್ ಐಮ್ಸ್ ಇದನ್ನು ವಿವರಿಸಿದ್ದು ದೊಡ್ಡ ಸಾಧನೆ ಮಾಡಿದ ಹೆಂಗಸರಲ್ಲಿ ಇದನ್ನು ಕಂಡ ಮೇಲೆಯೇ. ಗೆದ್ದದ್ದೆಲ್ಲ ಅದೃಷ್ಟ, ಸೋತದ್ದು ಮಾತ್ರ ನನ್ನದು ಅನ್ನುವ ಲೆಕ್ಕ.

ನಿಮ್ಮ ಕೆಲಸದಲ್ಲಿ ಇದು ಜಾಸ್ತಿ ಕಾಡುತ್ತದೆ. ಬಾರದ ಜ್ವರಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲವಲ್ಲ. ಮಳೆ ಶುರುವಾದಾಗ ಕಟ್ಟುತ್ತಿರುವ ಬಿಲ್ಡಿಂಗ್‌ನ ಸ್ಲ್ಯಾಬ್ ಮೇಲೆ ನಿಂತ ನೀರು ಖಾಲಿ ಮಾಡಿಸಿದ್ದು, ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಬಂದ ಕಾರ್ಮಿಕ ಜ್ವರ ಬಿಟ್ಟ ಮೇಲೂ 14 ದಿನದ ಪ್ರೈಮಾಕ್ವಿನ್ ಮಾತ್ರೆ ಮುಗಿಸುವಂತೆ ನೋಡಿಕೊಂಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾತ್ರೆ ಅರ್ಧಕ್ಕೆ ಬಿಟ್ಟರೆ ಲಿವರ್‌ನಲ್ಲಿ ಅಡಗಿದ ರೋಗಾಣು ತಿಂಗಳುಗಳ ನಂತರವೂ ಎದ್ದು ಬರಬಹುದು ಅಂತ ಪುಸ್ತಕ ನೋಡದೆ ಹೇಳಬಲ್ಲವರು ನೀವು, ಅಲ್ವಾ?

ಹಾಗಾಗಿ ಬರೆದಿಡಿ. ಏನು ತೀರ್ಮಾನ ಮಾಡಿದೆ, ಯಾಕೆ, ಆಮೇಲೆ ಏನಾಯಿತು. ಮೀಟಿಂಗ್‌ಗೆ ಮುಂಚೆ ಒಮ್ಮೆ ಓದಿ. ಶುರುವಿನಲ್ಲೇ ಒಂದು ಮಾತಾಡಿಬಿಡಿ, ತಡವಾದಷ್ಟೂ ಗಂಟಲು ಕಟ್ಟುತ್ತದೆ.

ನೀವು ಹೇಳಿದಾಗ ಕೇಳದೆ, ಅದನ್ನೇ ಇನ್ನೊಬ್ಬರು ಹೇಳಿದಾಗ ಎಲ್ಲರೂ ತಲೆಯಾಡಿಸುವ ಮೀಟಿಂಗ್ ಆದರೆ ತೊಂದರೆ ನಿಮ್ಮ ಮನಸ್ಸಿನದಲ್ಲ. ಅದನ್ನು ಸುಮ್ನೆ ಸಹಿಸಬೇಡಿ. ಜೊತೆಗಿರುವ ಹೆಂಗಸರು "ಇದನ್ನು ಮೇಡಂ ಆಗಲೇ ಹೇಳಿದರು" ಅಂತ ಗಟ್ಟಿಯಾಗಿ ಹೇಳಲಿ. ನಿದ್ದೆ ಕೆಡುವಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.