ಮಾಲ್ ಪಾರ್ಕಿಂಗ್ ಆ್ಯಪ್ ಮಾಡುವ ಮುಂಚೆ ಗೇಟಿನ ವಾಚ್‌ಮನ್‌ ಜೊತೆ ಮಾತಾಡಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಮಾಲ್‌ಗೆ ಹೋಗುವ ಮುಂಚೆಯೇ ಅಲ್ಲಿ ಎಷ್ಟು ಪಾರ್ಕಿಂಗ್ ಜಾಗ ಖಾಲಿ ಇದೆ ಅಂತ ತೋರಿಸುವ ಆ್ಯಪ್ ಮಾಡಬೇಕು ಅಂತಿದ್ದೇನೆ. ಸ್ಕ್ರೀನ್ ಡಿಸೈನ್, ಲಾಗಿನ್, ಮ್ಯಾಪ್ ಎಲ್ಲ ರೆಡಿ ಇದೆ. ಜಾಗ ಖಾಲಿ ಇದೆಯೋ ಇಲ್ಲವೋ ತಿಳಿಯಲು ಸೆನ್ಸರ್ ಹಾಕಿದರಾಯಿತು. ಇದು ಬಿಸಿನೆಸ್ ಆಗುತ್ತಾ?
– ಟಿಳಕವಾಡಿ, ಬೆಳಗಾವಿ

ಉತ್ತರ: ಐಡಿಯಾ ಹೊಸದಲ್ಲ, ಆದರೆ ಅದಕ್ಕೆ ಬೇಜಾರು ಬೇಡ. ಚಹಾದಂಗಡಿ ಐಡಿಯಾ ಇನ್ನೂ ಹಳೇದು, ಆದರೂ ದಿನಾ ಒಂದು ಹೊಸದು ತೆರೆಯುತ್ತದೆ, ನಡೆಯುತ್ತದೆ. ನನ್ನ ತಕರಾರು ಬೇರೆ. ನೀವು ಕಳಿಸಿದ ಎರಡು ಪುಟದಲ್ಲಿ ಸ್ಕ್ರೀನಿನ ಬಣ್ಣಕ್ಕೇ ಒಂದು ಪುಟ ಹೋಗಿದೆ. "ಸೆನ್ಸರ್ ಹಾಕಿದರಾಯಿತು" ಅನ್ನೋದು ಅರ್ಧ ಸಾಲು. ನಿಮ್ಮ ಬಿಸಿನೆಸ್ ಪೂರ್ತಿ ಇರೋದು ಆ ಅರ್ಧ ಸಾಲಿನಲ್ಲೇ.

ದೊಡ್ಡ ಊರಿನ ಮಾಲ್‌ಗಳಲ್ಲಿ ನೋಡಿರುತ್ತೀರಿ, ಪ್ರತಿ ಜಾಗದ ಮೇಲೆ ಚಾವಣಿಯಲ್ಲಿ ಒಂದು ಅಲ್ಟ್ರಾಸಾನಿಕ್ ಸೆನ್ಸರ್ (ಕಿವಿಗೆ ಕೇಳದ ಶಬ್ದ ಬಿಟ್ಟು ಕೆಳಗೆ ಗಾಡಿ ಇದೆಯಾ ಅಂತ ನೋಡುವಂಥದ್ದು), ಪಕ್ಕದಲ್ಲಿ ಹಸಿರು ಕೆಂಪು ದೀಪ. ಇದು ಒಳಗೆ ಬಂದವನಿಗೆ ದಾರಿ ತೋರಿಸೋಕೆ ಬಹಳ ಚೆನ್ನಾಗಿದೆ. ಆದರೆ ನೂರು ಜಾಗ ಇದ್ದರೆ ನೂರು ಸೆನ್ಸರ್, ಅದಕ್ಕೆ ವೈರು, ಕೆಟ್ಟಾಗ ರಿಪೇರಿ. ಇನ್ನೊಂದು ದಾರಿ ಕ್ಯಾಮೆರಾ. ಮೂರನೆಯದು, ಎಲ್ಲಕ್ಕಿಂತ ಅಗ್ಗದ್ದು, ಗೇಟಿನಲ್ಲಿ ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಎಣಿಸೋದು, ಅಷ್ಟೇ.

ಸೆನ್ಸರ್ ಅಂದಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ 2011ರಲ್ಲಿ ಎಸ್‌ಎಫ್‌ಪಾರ್ಕ್ ಅಂತ ಒಂದು ಪ್ರಯೋಗ ಶುರು ಮಾಡಿತು. ರಸ್ತೆ ಬದಿಯ ಸುಮಾರು 7,000 ಜಾಗಗಳ ಲೆಕ್ಕ ಸಿಗಲಿ ಅಂತ ನೆಲದಲ್ಲೇ ಸೆನ್ಸರ್ ಹೂತರು. ಸರ್ಕಾರದ ದುಡ್ಡು, ಒಳ್ಳೇ ಇಂಜಿನಿಯರುಗಳು, ಎಲ್ಲ ಇತ್ತು. 2013ರ ಕೊನೆಗೆ ಸೆನ್ಸರ್ ನಿಲ್ಲಿಸಿದರು. ಆಮೇಲೆ ರಸ್ತೆ ಬದಿಯ ಪಾರ್ಕಿಂಗ್ ಮೀಟರಿನಲ್ಲಿ ಜನ ಕಟ್ಟಿದ ದುಡ್ಡಿನ ಲೆಕ್ಕದಿಂದಲೇ ಎಷ್ಟು ತುಂಬಿದೆ ಅಂತ ಅಂದಾಜು ಮಾಡತೊಡಗಿದರು. ಮೊದಲೇ ಸಿಗುತ್ತಿದ್ದ ಲೆಕ್ಕ ಅದು!

ಈಗ ನಮ್ಮೂರಿಗೆ ಬರೋಣ. ನಿಮ್ಮ ಪತ್ರ ಓದಿದ ಮೇಲೆ ಒಂದು ಭಾನುವಾರ ಸಂಜೆ ಊರಿನ ಒಂದು ಮಾಲ್ ಗೇಟಿನ ಹತ್ತಿರ ಸುಮ್ನೆ ನಿಂತು ನೋಡಿದೆ. ಇಳಿಜಾರಿಗೆ ಅಡ್ಡ ಒಂದು ನೈಲಾನ್ ಹಗ್ಗ, ಹಗ್ಗಕ್ಕೆ ನೇತುಹಾಕಿದ ಪ್ಲೈವುಡ್ ತುಂಡು, ಅದರ ಮೇಲೆ ಚಾಕ್‌ಪೀಸಿನಲ್ಲಿ "ಫುಲ್". ಕೆಳಗೆ ನಿಜವಾಗಿಯೂ ತುಂಬಿದೆಯಾ ಅಂತ ವಾಚ್‌ಮನ್‌ನನ್ನು ಕೇಳಿದೆ. ಅವನು ಕೆಳಗೆ ನೋಡಲೇ ಇಲ್ಲ. "ಆರು ಜಾಗ ಖಾಲಿ ಅದಾವ್ರಿ. ಆದ್ರ ಎರಡರಾಗ ಬೈಕ್ ನಿಂತಾವ, ಒಂದು ಮಾಲಕರ ಗಾಡಿ ಸಲುವಾಗಿ ಇಟ್ಟೇವಿ. ಉಳಿದದ್ದು ಮೂರು. ಸಿನಿಮಾ ಬಿಡೂ ಹೊತ್ತಾತು, ಈಗ ಯಾರನ್ನರೆ ಒಳಗ ಬಿಟ್ರ ಎದ್ರಾಬದ್ರ ಆಗಿ ಜಾಮ್ ಆಗತೈತಿ. ಹತ್ತು ನಿಮಿಷ ನಿಲ್ರಿ, ಮೂವತ್ತು ಖಾಲಿ ಆಗತಾವ" ಅಂದ.

ಹೇಳಿ, ಇದರಲ್ಲಿ ಯಾವುದನ್ನು ನಿಮ್ಮ ಸೆನ್ಸರ್ ಹೇಳುತ್ತದೆ? ಕಾರಿನ ಜಾಗದಲ್ಲಿ ಮೂಲೆಗೆ ಒಂದು ಬೈಕ್ ನಿಂತಿದ್ದರೆ ಸೆನ್ಸರ್ ಹಸಿರು ದೀಪ ತೋರಿಸಬಹುದು, ಕಾರು ಮಾತ್ರ ಹೋಗೋದಿಲ್ಲ. ಬಿಳಿ ಗೆರೆಯ ಮೇಲೆಯೇ ನಿಲ್ಲಿಸಿ ಎರಡು ಜಾಗ ತಿನ್ನೋ ಮಹಾನುಭಾವರಂತೂ ಎಲ್ಲ ಕಡೆ ಇದ್ದಾರೆ. ಸಿನಿಮಾ ಯಾವಾಗ ಬಿಡುತ್ತದೆ ಅನ್ನೋದು ಅವನ ತಲೆಯಲ್ಲಿದೆ, ನಿಮ್ಮ ಸರ್ವರ್‌ನಲ್ಲಿಲ್ಲ. ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ಆ್ಯಪ್ ಗ್ರಾಹಕನಿಗಲ್ಲ, ಆ ವಾಚ್‌ಮನ್‌ಗೆ ಮಾಡುತ್ತಿದ್ದೆ. ಎರಡೇ ದೊಡ್ಡ ಬಟನ್: ಬಂತು, ಹೋಯಿತು. ಮೂರನೆಯದು, "ಹಗ್ಗ ಕಟ್ಟಿದೆ". ಲಾಗಿನ್ ಬೇಡ, ಒಟಿಪಿ ಬೇಡ. ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಚೀಟಿ ಪುಸ್ತಕ ಹಿಡಿದವನು ಹೆಬ್ಬೆರಳಿನಿಂದ ಒತ್ತುವಂತಿರಬೇಕು. ಮತ್ತೆ, ಅವನಿಗೆ ತಿಂಗಳಿಗೆ ಇಷ್ಟು ಅಂತ ಏನಾದರೂ ಕೊಡಿ. ಪುಕ್ಕಟೆ ಯಾಕೆ ಒತ್ತುತ್ತಾನೆ?

ಎಣಿಕೆ ತಪ್ಪುತ್ತದೆ, ಅದು ಗ್ಯಾರಂಟಿ. ಗದ್ದಲದಲ್ಲಿ ಎರಡು ಬಿಟ್ಟುಹೋಗುತ್ತದೆ, ಮಾಲ್ ಸ್ಟಾಫ್ ಗಾಡಿ ಹಿಂದಿನ ಗೇಟಿನಿಂದ ಬರುತ್ತದೆ. ತಪ್ಪು ದಿನದಿಂದ ದಿನಕ್ಕೆ ಕೂಡುತ್ತಾ ಹೋಗಿ ಒಂದು ದಿನ ನಿಮ್ಮ ಆ್ಯಪ್ "ಮೈನಸ್ 14 ಜಾಗ ಖಾಲಿ" ಅಂತ ತೋರಿಸುತ್ತದೆ. ರಾತ್ರಿ ಬಾಗಿಲು ಹಾಕುವಾಗ ಕೆಳಗೆ ಉಳಿದ ಗಾಡಿ ಎಣಿಸಿ ಲೆಕ್ಕ ಸರಿ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ದಯವಿಟ್ಟು ಗ್ರಾಹಕನಿಗೆ "3 ಖಾಲಿ" ಅಂತ ತೋರಿಸಬೇಡಿ. ಹಿಂದವಾಡಿಯಲ್ಲಿ ಒಬ್ಬ, ಶಹಾಪುರದಲ್ಲಿ ಒಬ್ಬ, ಹೀಗೆ ಹತ್ತು ಜನ ಅದೇ ಮೂರು ಜಾಗ ನೋಡಿ ಹೊರಡುತ್ತಾರೆ. ರೈಲ್ವೆ ಗೇಟ್ ಹಾಕಿದ್ದರೆ ಕಥೆ ಮುಗಿಯಿತು. ಏಳು ಜನ ನಿಮಗೆ ಒಂದು ಸ್ಟಾರ್ ಕೊಟ್ಟು ಬೈದು ಹೋಗುತ್ತಾರೆ. ಗೂಗಲ್ ಮ್ಯಾಪ್ಸ್ 2017ರಲ್ಲಿ ಅಮೆರಿಕದ 25 ನಗರ ಪ್ರದೇಶಗಳಲ್ಲಿ ಪಾರ್ಕಿಂಗ್ ಮಾಹಿತಿ ಶುರು ಮಾಡಿದಾಗ ಅದೂ ಸಂಖ್ಯೆ ತೋರಿಸಲಿಲ್ಲ. ಸುಲಭ, ಮಧ್ಯಮ, ಕಷ್ಟ ಅನ್ನೋ ರೀತಿ ಮೂರು ಮಟ್ಟ ತೋರಿಸಿತು. ನೀವೂ ಹಾಗೇ ಮಾಡಿ. "ಈಗ ಕಷ್ಟ, ಒಂಬತ್ತಕ್ಕೆ ಬನ್ನಿ" ಅಂದರೆ ಸಾಕು.

ದುಡ್ಡಿನ ವಿಷಯ. ಒಂದು ಮಾಲ್ ಶನಿವಾರ, ಭಾನುವಾರ ಸಂಜೆ ಮೂರು ಮೂರು ತಾಸು ತುಂಬುತ್ತದೆ ಅಂತ ಇಟ್ಟುಕೊಳ್ಳೋಣ. ವಾರಕ್ಕೆ ಆರು ತಾಸು. ದಿನಕ್ಕೆ 11 ತಾಸು ತೆರೆದಿದ್ದರೆ ವಾರಕ್ಕೆ 77. ಉಳಿದ 71 ತಾಸು ನಿಮ್ಮ ಆ್ಯಪ್ ಯಾರೂ ತೆರೆಯಲ್ಲ, ನೇರ ಹೋಗಿ ಗಾಡಿ ನಿಲ್ಲಿಸುತ್ತಾರೆ. ಆರು ತಾಸಿನ ಕಷ್ಟಕ್ಕೆ ಮಾಲ್ ಮಾಲೀಕ ತಿಂಗಳಿಗೆ ಎಷ್ಟು ಕೊಟ್ಟಾನು? ಗಾಡಿ ಓಡಿಸುವವನಂತೂ ಒಂದು ರೂಪಾಯಿ ಕೊಡಲ್ಲ.

ಫಾಸ್ಟ್ಯಾಗ್‌ನಿಂದ ಪಾರ್ಕಿಂಗ್ ದುಡ್ಡು ಕಡಿತ ಮಾಡುವ ಕೆಲಸದಲ್ಲಿ ಆಗಲೇ ದೊಡ್ಡ ಕಂಪನಿಗಳಿವೆ, ಪಾರ್ಕ್ ಪ್ಲಸ್ 2019ರಿಂದ ಇದೆ. ಅವರ ಜೊತೆ ಗುದ್ದಾಡಲು ಹೋಗಬೇಡಿ. ಆದರೆ ಒಂದು ಗಮನಿಸಿ. ಬೈಕು, ಸ್ಕೂಟಿಗೆ ಫಾಸ್ಟ್ಯಾಗ್ ಇರೋದಿಲ್ಲ. ನಮ್ಮೂರಿನಲ್ಲಿ ಜಾಸ್ತಿ ಇರೋದು ಅವೇ. ಟೂ-ವೀಲರ್ ಬಗ್ಗೆ ನಿಮ್ಮ ಪ್ಲಾನಿನಲ್ಲಿ ಒಂದು ಮಾತೂ ಇಲ್ಲ, ನೀವು ಕಾಲೇಜಿಗೆ ಹೋಗೋದು ಕಾರಿನಲ್ಲಾ?

ನಿಜವಾದ ಗಿರಾಕಿ ಯಾರು ಅಂತ ನನ್ನನ್ನು ಕೇಳಿದರೆ, ಊರಿನವರಲ್ಲ. ಊರಿನವನಿಗೆ ಯಾವ ಗಲ್ಲಿಯಲ್ಲಿ ಯಾರ ಮನೆ ಮುಂದೆ ನಿಲ್ಲಿಸಿದರೆ ಬೈಯಲ್ಲ ಅನ್ನೋದು ಗೊತ್ತು. ಮದುವೆ ಸೀಸನ್‌ನಲ್ಲಿ ಚಂದಗಡ, ಗಡಹಿಂಗ್ಲಜದಿಂದ, ಗೋವಾದಿಂದ ಜವಳಿ ಖರೀದಿಗೆ ಬರುತ್ತಾರಲ್ಲ, ಕೊಲ್ಲಾಪುರದ ಎಂಎಚ್ 09 ಪ್ಲೇಟಿನ ಕಾರಿನಲ್ಲಿ ಏಳು ಜನ ಕೂತು ಖಡೇಬಜಾರ್ ಒಳಗೆ ನುಗ್ಗಿ ಹಿಂದೆ ಬರಲೂ ಆಗದೆ ಮುಂದೆ ಹೋಗಲೂ ಆಗದೆ ಒದ್ದಾಡುತ್ತಾರಲ್ಲ, ನಿಮ್ಮ ಗಿರಾಕಿ ಅವರು. ಅವರಿಗೆ ಬೇಕಾದ್ದು ಮಾಲ್ ಅಲ್ಲ, ಗಣಪತ್ ಗಲ್ಲಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಜಾಗ. ಭಾನುವಾರ ಖಾಲಿ ಬೀಳುವ ಶಾಲೆ ಮೈದಾನ, ಮದುವೆ ಇಲ್ಲದ ದಿನ ಮಂಗಲ ಕಾರ್ಯಾಲಯದ ಅಂಗಳ, ಇಂಥವರ ಜೊತೆ ಮಾತಾಡಿ. ಇಂಗ್ಲೆಂಡಿನ ಜಸ್ಟ್‌ಪಾರ್ಕ್ 2006ರಲ್ಲಿ ಶುರುವಾಗಿದ್ದು ಇಂಥದೇ ಕೆಲಸದಿಂದ, ಮನೆ ಮುಂದಿನ ಖಾಸಗಿ ಜಾಗ ಬಾಡಿಗೆಗೆ ಕೊಡಿಸೋದು. ಆ್ಯಪ್ ಕನ್ನಡ, ಮರಾಠಿ ಎರಡರಲ್ಲೂ ಇರಲಿ.

ಆದರೆ ರಸ್ತೆ ಬದಿಯ ಸರ್ಕಾರಿ ಜಾಗ ಮಾತ್ರ ಮಾರಲು ಹೋಗಬೇಡಿ. 2014ರಲ್ಲಿ ಮಂಕಿಪಾರ್ಕಿಂಗ್ ಅನ್ನೋ ಆ್ಯಪ್, ತಾವು ಬಿಟ್ಟು ಹೋಗುವ ರಸ್ತೆ ಬದಿ ಜಾಗವನ್ನು ಹರಾಜು ಹಾಕಲು ಜನರಿಗೆ ದಾರಿ ಮಾಡಿಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಅಟಾರ್ನಿ, ಅಂದರೆ ನಗರಾಡಳಿತದ ವಕೀಲರು, ನೋಟಿಸ್ ಕೊಟ್ಟು ನಿಲ್ಲಿಸಲು ಹೇಳಿದರು.

ಖರ್ಚಿಗೆ ಹೆದರಬೇಡಿ. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. ವೈಯಕ್ತಿಕ ಖಾತೆ ಹೊಸದಾಗಿ ತೆರೆದರೆ 12 ಜನ ಸತತ 14 ದಿನ ಆ್ಯಪ್ ಪರೀಕ್ಷೆ ಮಾಡಬೇಕು, ನಿಮ್ಮ ಹಾಸ್ಟೆಲಿನ ಒಂದು ಫ್ಲೋರ್ ಸಾಕು. ಅದಕ್ಕೂ ಮುಂಚೆ ಆ್ಯಪ್ ಇಲ್ಲದೆ, ಬರೀ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾಲ್ಕು ಭಾನುವಾರ ಅದೇ ಕೆಲಸ ಮಾಡಿ ನೋಡಿ. ಎರಡನೇ ವಾರ ನೀವು ಮೆಸೇಜ್ ಹಾಕೋದು ತಡವಾದಾಗ "ಏನ್ರೀ, ಇವತ್ತು ಹೇಳಲೇ ಇಲ್ಲ" ಅಂತ ಯಾರಾದರೂ ಕೇಳಿದರೆ ಮುಂದುವರಿಯಿರಿ.

ಪ್ರಶ್ನೆ: ಮಾಲ್‌ನಲ್ಲಿ ಹತ್ತು ನಿಮಿಷಕ್ಕೂ ಪಾರ್ಕಿಂಗ್ ದುಡ್ಡು ತಗೋತಾರೆ. ಚೀಟಿ ಮೇಲೆ "ವಾಹನಕ್ಕೆ ನಾವು ಜವಾಬ್ದಾರರಲ್ಲ" ಅಂತ ಬೇರೆ. ಇದು ಸರೀನಾ? ನಿಮ್ಮ ಈ ಆ್ಯಪ್‌ಗಳಲ್ಲಿ ದುಡ್ಡು ಕಟ್ಟಿದರೆ ಏನಾದರೂ ಲಾಭ ಇದೆಯಾ?
– ವಿಜಯಪುರ

ಉತ್ತರ: ಒಂದೊಂದು ಕಡೆ ಒಂದೊಂದು ರೀತಿ ಇದೆ. ಪಕ್ಕದ ತೆಲಂಗಾಣ 2018ರಲ್ಲಿ ಆದೇಶ ಹೊರಡಿಸಿ ಮೊದಲ 30 ನಿಮಿಷ ಪುಕ್ಕಟೆ ಮಾಡಿತು, ಒಂದು ತಾಸಿನವರೆಗೆ ಖರೀದಿ ಬಿಲ್ ತೋರಿಸಿದರೆ ಶುಲ್ಕ ಇಲ್ಲ. ಗುಜರಾತ್ ಹೈಕೋರ್ಟ್ 2019ರಲ್ಲಿ ಮಾಲ್‌ಗಳು ಶುಲ್ಕ ತಗೊಳ್ಳುವಂತಿಲ್ಲ ಅಂದಿತು. ಕೇರಳ ಹೈಕೋರ್ಟ್ ಮಾತ್ರ ಲುಲು ಮಾಲ್ ಪ್ರಕರಣದಲ್ಲಿ, ಲೈಸೆನ್ಸ್ ಇದ್ದರೆ ತಗೊಳ್ಳಬಹುದು ಅಂದಿತು.

ಚೀಟಿಯ ಆ ಸಾಲನ್ನು ಮಾತ್ರ ವೇದವಾಕ್ಯ ಅಂದುಕೊಳ್ಳಬೇಡಿ. ಹೋಟೆಲಿನವರ ಕೈಗೆ ಕೀ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ಇದು: "ವಾಹನ ಮಾಲೀಕರ ಜವಾಬ್ದಾರಿ" ಅಂತ ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲ್ ನುಣುಚಿಕೊಳ್ಳುವಂತಿಲ್ಲ, ಮೊದಲು ತಾನು ಎಚ್ಚರಿಕೆ ವಹಿಸಿದ್ದೆ ಅಂತ ತೋರಿಸಬೇಕು. ಆದರೆ ಅಲ್ಲಿ ಕೀ ಅವರ ಕೈಲಿತ್ತು. ನೀವೇ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡು ಹೋದರೆ ವಾದ ಅಷ್ಟು ಸುಲಭ ಅಲ್ಲ.

ಆ್ಯಪ್ ಲಾಭ ಅಂದರೆ ಇಷ್ಟೇ, ಎಷ್ಟು ಗಂಟೆಗೆ ಒಳಗೆ ಹೋದಿರಿ, ಎಷ್ಟು ಕಟ್ಟಿದಿರಿ ಅನ್ನೋದು ದಾಖಲೆಯಾಗಿ ಉಳಿಯುತ್ತದೆ. ಕೈಚೀಟಿ ಪ್ಯಾಂಟಿನ ಜೊತೆ ಒಗೆದು ಹೋಗುತ್ತದೆ. ದೂರು ಕೊಡೋದಿದ್ದರೆ ಗ್ರಾಹಕರ ಸಹಾಯವಾಣಿ 1915.

ಪ್ರಶ್ನೆ: ನಮ್ಮದೂ ಪಾರ್ಕಿಂಗ್ ಆ್ಯಪ್ ಐಡಿಯಾ. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ನಮ್ಮ ಗಾಡಿ ಜಿಪಿಎಸ್‌ನಿಂದ ಹುಡುಕಿ ಕೊಡುತ್ತದೆ. ಯಾರಿಗಾದರೂ ಹೇಳಿದರೆ ಕದ್ದಾರು ಅಂತ ಭಯ. ಪೇಟೆಂಟ್ ಮಾಡಿಸಬಹುದಾ?
– ನವನಗರ, ಬಾಗಲಕೋಟೆ

ಉತ್ತರ: ಮೊದಲು ನಗು ಬಂತು, ಕ್ಷಮಿಸಿ. ಇಷ್ಟಗಲ ರಸ್ತೆ, ನಂಬರ್ ಹಾಕಿದ ಸೆಕ್ಟರ್ ಇರುವ ನವನಗರದಿಂದ ಪಾರ್ಕಿಂಗ್ ಪ್ರಶ್ನೆ!

ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬಿಸಿನೆಸ್ ವಿಧಾನಕ್ಕೆ, ಅಲ್ಗಾರಿದಮ್‌ಗೆ, ಬರೀ ಕಂಪ್ಯೂಟರ್ ಪ್ರೋಗ್ರಾಮ್‌ಗೆ ಪೇಟೆಂಟ್ ಸಿಗಲ್ಲ. ನೀವು ಬರೆದ ಕೋಡ್‌ಗೆ ಕಾಪಿರೈಟ್ ಇದ್ದೇ ಇರುತ್ತದೆ, ಐಡಿಯಾಗೆ ಇಲ್ಲ.

ಕದಿಯೋದಕ್ಕಿಂತ ದೊಡ್ಡ ಸಮಸ್ಯೆ ಜಿಪಿಎಸ್. ಬಯಲಿನಲ್ಲೇ ಫೋನ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ, ಒಂದು ಕಾರಿನ ಜಾಗದ ಅಗಲ ಸುಮಾರು ಎರಡೂವರೆ ಮೀಟರ್. ಬೇಸ್‌ಮೆಂಟಿನಲ್ಲಿ ಸಿಗ್ನಲ್ಲೇ ಸರಿಯಾಗಿ ಸಿಗಲ್ಲ, ಸಿಕ್ಕರೂ ಯಾವ ಮಹಡಿ ಅಂತ ಗೊತ್ತಾಗಲ್ಲ. ಒಂದು ಸಲ ಬೆಂಗಳೂರಿನ ಮಾಲ್ ಒಂದರಲ್ಲಿ ನಾನು ಬಿ1ನಲ್ಲಿ ಅರ್ಧ ತಾಸು ಕಾರು ಹುಡುಕಿದ್ದೇನೆ. ಕಾರು ಇದ್ದದ್ದು ಬಿ2ನಲ್ಲಿ. ಫೋನ್ ನೆಟ್ಟಗೆ ಕಾರಿನ ಮೇಲೆಯೇ ನಿಂತಿದ್ದೀರಿ ಅಂತ ತೋರಿಸುತ್ತಿತ್ತು, ಸುಳ್ಳೇನಲ್ಲ, ನಾನು ಅದರ ಮೇಲೆಯೇ ನಿಂತಿದ್ದೆ, ಒಂದು ಮಹಡಿ ಮೇಲೆ. ನಮ್ಮ ಮನೆಯವರು ನಾಲ್ಕು ಚೀಲ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದರು, ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಭಯ ಆಗಿದ್ದು. ಅವತ್ತಿನಿಂದ ಇಳಿದ ಕೂಡಲೇ ಕಂಬದ ನಂಬರಿನ ಫೋಟೋ ಹೊಡೆದುಕೊಳ್ಳುತ್ತೇನೆ. ನಿಮ್ಮ ಆ್ಯಪ್ ಆ ಫೋಟೋದಿಂದಲೇ ಶುರುವಾಗಲಿ: ಕಂಬದ ನಂಬರ್ ಓದಿ, ಯಾವ ಲಿಫ್ಟ್ ಹಿಡಿಯಬೇಕು ಅಂತ ಹೇಳಲಿ.