ತಂಗಿಯ ರಕ್ತವನ್ನೂ ಪರೀಕ್ಷೆ ಮಾಡಿಸಿ

ಪತ್ರ: ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದೆ. ಅವರ 8 ವರ್ಷದ ಮಗನಿಗೆ ಫಾಂಕೋನಿ ಅನೀಮಿಯಾ ಅಂತೆ, ಮುಂದೆ ಬ್ಲಡ್ ಕ್ಯಾನ್ಸರ್ ಆಗಬಹುದಂತೆ. ಊರವರು ಅಕ್ಕನ ಹೊಟ್ಟೆಯ ದೋಷ ಅನ್ನುತ್ತಾರೆ. ಹುಡುಗನ ತಂಗಿ ಚೆನ್ನಾಗಿದ್ದಾಳೆ, ಅವಳ ಮಜ್ಜೆ ಕೊಡಬಹುದೇ? ನನಗೂ ದೊಡ್ಡ ಮಾವನ ಮಗನನ್ನು ನೋಡುತ್ತಿದ್ದಾರೆ. ಒಪ್ಪಲೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಸಂಪಾದಕರ ಉತ್ತರ:

ಮೊದಲು ನಿಮ್ಮಕ್ಕನ ವಿಷಯ. ಅವರನ್ನು ದೂರುವುದು ಅನ್ಯಾಯ. ಈ ಕಾಯಿಲೆ ಬಹುಪಾಲು ಬರುವುದು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಕೆಟ್ಟ ಜೀನಿನ ಎರಡು ಪ್ರತಿಯೂ ಮಗುವಿಗೆ ಸೇರಿದಾಗ. ಒಂದೇ ಪ್ರತಿ ಇದ್ದವರಿಗೆ ಈ ಕಾಯಿಲೆ ಬರುವುದಿಲ್ಲ, ಇದೆ ಅಂತ ಗೊತ್ತೂ ಆಗುವುದಿಲ್ಲ. ನಿಮ್ಮ ಸೋದರಮಾವ, ನಿಮ್ಮಕ್ಕ ಒಂದೇ ಮನೆಯ ರಕ್ತ, ಅಲ್ವಾ? ಅದೇ ಜೀನು ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಇದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಗಿಡೊ ಫಾಂಕೋನಿ ಇದನ್ನು ವಿವರಿಸಿದ್ದು 1927ರಲ್ಲಿ. ನಮ್ಮೆಲ್ಲರ ಡಿಎನ್‌ಎ ದಿನಾ ಹಾಳಾಗುತ್ತದೆ, ದಿನಾ ರಿಪೇರಿಯಾಗುತ್ತದೆ. ಈ ಮಕ್ಕಳಲ್ಲಿ ಆ ರಿಪೇರಿಯೇ ಕೆಟ್ಟಿರುತ್ತದೆ. ಮೂಳೆಯೊಳಗೆ ರಕ್ತ ತಯಾರಿಸುವ ಮಜ್ಜೆ ಸೊರಗಿ ರಕ್ತ ಕಡಿಮೆಯಾಗುತ್ತದೆ. ಎಎಂಎಲ್ ಎಂಬ ಲ್ಯುಕೇಮಿಯಾ, ಅಂದರೆ ಬ್ಲಡ್ ಕ್ಯಾನ್ಸರ್, ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ನೂರಾರು ಪಟ್ಟು ಹೆಚ್ಚು. ಹಾಗಂತ ಲ್ಯುಕೇಮಿಯಾ ಬಂದ ಮಕ್ಕಳನ್ನೆಲ್ಲ ಹೀಗೆ ನೋಡಬೇಡಿ. ಹೆಚ್ಚಿನವರಲ್ಲಿ ವಂಶದ ಕಾರಣ ಇರುವುದಿಲ್ಲ.

ಈಗ ತಂಗಿ. ಚೆನ್ನಾಗಿದ್ದಾಳೆ ಅಂತ ಸುಮ್ನೆ ಇರಬೇಡಿ. ಗಿಡ್ಡ ಮೈ, ಹೆಬ್ಬೆರಳಿನ ಊನ, ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆ ಇದರ ಗುರುತುಗಳು. ಆದರೆ ಒಂದು ಗುರುತೂ ಇಲ್ಲದೆ ಕಾಯಿಲೆ ಇರುವ ಮಕ್ಕಳೂ ಇದ್ದಾರೆ. ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಲ್ಯಾಬಿನಲ್ಲಿ ಜೀವಕೋಶ ಬೆಳೆಸಿ ಡಿಎನ್‌ಎಯನ್ನು ಕೆಡಿಸುವ ಮೈಟೊಮೈಸಿನ್ ಸಿ ಎಂಬ ಔಷಧಿ ಹಾಕುತ್ತಾರೆ. ಕಾಯಿಲೆ ಇದ್ದರೆ ಕ್ರೋಮೋಸೋಮುಗಳು ಮುರಿದು, ಒಂದರ ತುಂಡಿಗೆ ಇನ್ನೊಂದರ ತುಂಡು ಅಂಟಿ, ನಾಲ್ಕು ಕೈ ಚಾಚಿದ ಹಾಗೆ ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಇದೊಂದು ಸರಿಯಿದ್ದು, ಎಚ್‌ಎಲ್‌ಎ ಎಂಬ ಜೀವಕೋಶಗಳ ಗುರುತು ಕೂಡ ಅಣ್ಣನದಕ್ಕೆ ಹೊಂದಿದರೆ ತಂಗಿಗಿಂತ ಒಳ್ಳೆಯ ದಾನಿ ಸಿಗುವುದು ಕಷ್ಟ. ಜಗತ್ತಿನ ಮೊದಲ ಹೊಕ್ಕುಳಬಳ್ಳಿ ರಕ್ತದ ಕಸಿ 1988ರಲ್ಲಿ ಪ್ಯಾರಿಸ್ಸಿನಲ್ಲಿ ಆಗಿದ್ದೂ ಇದೇ ಕಾಯಿಲೆಯ ಹುಡುಗನಿಗೆ, ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟ ರಕ್ತದಿಂದ. ಅವಳಿಗೆ ಕಾಯಿಲೆಯಿಲ್ಲ ಅಂತ ಹುಟ್ಟುವ ಮೊದಲೇ ಪರೀಕ್ಷೆ ಮಾಡಿ ತಿಳಿದುಕೊಂಡಿದ್ದರು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಕಸಿಗೆ ಮುಂಚೆ ಎಲ್ಲರಿಗೂ ಕೊಡುವಷ್ಟು ಕೀಮೋ ಈ ಮಕ್ಕಳಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ಡೋಸ್ ತುಂಬಾ ಕಡಿಮೆ ಮಾಡಬೇಕು. ಫಾಂಕೋನಿ ಮಕ್ಕಳಿಗೆ ಕಸಿ ಮಾಡಿ ಅನುಭವ ಇರುವ ಕಡೆಗೇ ಹೋಗಿ. ಕಸಿ ಆದಮೇಲೂ ಬಾಯಿ, ಗಂಟಲಿನ ಕ್ಯಾನ್ಸರಿನ ಭಯ ಉಳಿಯುತ್ತದೆ. ಆಗಾಗ ತಪಾಸಣೆ ಮಾಡಿಸುತ್ತಿರಬೇಕು.

ನಿಮ್ಮ ಮದುವೆ? ರಿಪೋರ್ಟ್ ಬರುವ ತನಕ ಒಪ್ಪಬೇಡಿ. ಹುಡುಗನಲ್ಲಿ ಕೆಟ್ಟಿರುವ ಜೀನು ಯಾವುದು ಅಂತ ಪತ್ತೆಯಾದರೆ, ನಿಮಗೂ ಮಾವನ ಮಗನಿಗೂ ಅದು ಇದೆಯೇ ಎಂದು ನೋಡಬಹುದು. ಮನೆಯವರು ಬೇಜಾರಾದರೂ ಪರವಾಗಿಲ್ಲ, ಕಾಯಿಸಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಇದಕ್ಕೆ ಕೌನ್ಸೆಲಿಂಗ್ ಇದೆ. ಅಕ್ಕ ಒಬ್ಬರನ್ನೇ ಕಳಿಸಬೇಡಿ. ಮಾವನೂ ಜೊತೆಗೆ ಹೋಗಲಿ, ಮಗನ ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದುಕೊಂಡು.